ಹಳೆಯ ಕಾರಿನ ಮುಂಜಾವಿನ ವ್ಯಾಧಿ

ಬಾವಿಯ ಪಂಪು, ರುಬ್ಬುವ ಯಂತ್ರ, ಹೊಲಿಗೆಯ ಯಂತ್ರ ಮೊದಲಾದ ಮನೆವಾರ್ತೆಯ ಯಂತ್ರಗಳ ಕಷ್ಟಸುಖಗಳನ್ನು ಈ ಪುಟಗಳಲ್ಲಿ ನಾವು ತಿಂಗಳು ತಿಂಗಳೂ ವಿಚಾರಿಸುತ್ತ ಬಂದಿರುವೆವಷ್ಟೆ. ಈ ಸಲ ಅಂಗಳದಲ್ಲಿ ನಿಂತಿರುವ ಹಳೆಯ ಕಾರಿನ ಸರದಿ. ಉಡುಪಿ ಸೀಮೆಯ ಅನೇಕ ಗೃಹಸ್ಥರ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದ ಕಾರುಗಳು ಇನ್ನೂ ಇವೆ. ಹೊಸದನ್ನು ಕೊಳ್ಳುವ ಅನುಕೂಲವಿಲ್ಲದೆಯೋ, ಇದ್ದುದರ ಮೇಲಣ ಮಮತೆಯಿಂದಲೋ ಅವನ್ನು ಇರಿಸಿಕೊಂಡವರು ಬಹು ಮಂದಿ. ಇಂಥ ಕಾರುಗಳಿಗೆ ಬರುವ ಒಂದು ವಿಚಿತ್ರವಾದ ವ್ಯಾಧಿಯುಂಟು. ಬೆಳಿಗ್ಗೆ ಎಬ್ಬಿಸಿದೊಡನೆ ಕೆಮ್ಮುವುದು, ನಡುಗುವುದು, ಗೇಟು ದಾಟುವುದರೊಳಗೆ ನಿಂತುಬಿಡುವುದು; ಹತ್ತು ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುವುದು. ವೈದ್ಯನ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಬಿಟ್ಟುಹೋಗುವ ಜ್ವರದಂತೆ ಈ ವ್ಯಾಧಿಯು ಗ್ಯಾರೇಜಿಗೆ ತಲಪುವಷ್ಟರಲ್ಲಿ ಮಾಯವಾಗುವುದು. ಇದರ ನಿದಾನವು ಕಷ್ಟವಾಗಿರುವುದು ಅದಕ್ಕಾಗಿಯೇ.

ನಾವು ಇದನ್ನು ಪುಸ್ತಕದಿಂದ ಕಲಿತವರಲ್ಲ, ಅನುಭವಿಸಿ ಕಲಿತವರು. ನಮ್ಮ ಮನೆಯು ಕಾಪುವಿನಲ್ಲಿ, 1901ನೆಯ ಇಸವಿಯಲ್ಲಿ ಕಟ್ಟಿದ ದೀಪಸ್ತಂಭಕ್ಕೆ ಸಮೀಪದಲ್ಲಿದೆ. ಕಾರು 2004ನೆಯ ಇಸವಿಯದು. ನಮ್ಮ ತೀರ್ಥರೂಪರು ನಿವೃತ್ತರಾದ ವರ್ಷ ಕೊಂಡುದು. ಅವರು ಈಗಿಲ್ಲ. ಮಾತೃಶ್ರೀಯವರಿಗೆ ಮೂತ್ರಪಿಂಡಗಳ ಕಾಯಿಲೆಯಿರುವುದರಿಂದ ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳು ಗಂಟೆಗೆ ಅವರನ್ನು ಸುಮಾರು 18 ಕಿಲೋಮೀಟರು ದೂರದ ಮಣಿಪಾಲಕ್ಕೆ ಡಯಾಲಿಸಿಸಿಗೆಂದು ಕರೆದೊಯ್ಯಬೇಕು. ಹೊತ್ತು ತಪ್ಪಿದರೆ ಸರದಿಯೂ ತಪ್ಪುವುದು.

ಒಂದು ಆಷಾಢದ ಬೆಳಿಗ್ಗೆ, ಮಳೆ ಹನಿಯುತ್ತಿರಲು, ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ ಉಡುಪಿಯ ಕಡೆಗೆ ತಿರುಗುತ್ತಲೇ ಕಾರು ಒಮ್ಮೆ ಬಿಕ್ಕಳಿಸಿ ನಿಂತೇಹೋಯಿತು. ಹಿಂದಿನಿಂದ ಬರುತ್ತಿದ್ದ ಲಾರಿಯವನು ಹಾರನ್ನು ಮೊಳಗಿಸಿ ಬಲಕ್ಕೆ ತಿರುಗಿಸಿಕೊಂಡುದರಿಂದ ಬದುಕಿದೆವು. ಇಂಜಿನು ನಿಂತ ಕಾರಿನಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತದ ಬಲವು ಒಂದೆರಡು ಸಲ ಒತ್ತುವುದರೊಳಗೆ ತೀರಿಹೋಗುವುದು. ಆಮೇಲೆ ಪೆಡಲು ಕಲ್ಲಿನಂತೆ ಬಿಗಿಯಾಗುವುದು. ಮಾತೃಶ್ರೀಯವರು ಹಿಂದಿನ ಸೀಟಿನಲ್ಲಿ ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಈ ಕಾರನ್ನು ಮಾರಿಬಿಡು ಮಗಾ. ನಾನು ಬಸ್ಸಿನಲ್ಲಿ ಹೋಗಿ ಬಂದೇನು” ಎಂದರು. ಡಯಾಲಿಸಿಸ್ ಮುಗಿಸಿಕೊಂಡವರು ಬಸ್ಸಿನಲ್ಲಿ ನಿಂತು ಬರುವುದೆಂದರೇನೆಂಬುದು ನಮಗೆ ಗೊತ್ತಿದ್ದಿತು.

ಆ ತಿಂಗಳಲ್ಲಿ ಕಾರನ್ನು ಮೂರು ಸಲ ಗ್ಯಾರೇಜಿಗೆ ಒಯ್ದೆವು. ಒಂದು ಸಲ ಪ್ಲಗ್ಗುಗಳನ್ನು ಬದಲಾಯಿಸಿದರು. ಇನ್ನೊಂದು ಸಲ ಇಂಜೆಕ್ಟರುಗಳನ್ನು ತೊಳೆದರು. ಮೂರನೆಯ ಸಲ ಪೆಟ್ರೋಲು ಪಂಪನ್ನೇ ಹೊಸದಾಗಿ ಹಾಕಿದರು. ಒಟ್ಟಿಗೆ 16,000 ರೂಪಾಯಿಗಳಾದುವು. ಅವರನ್ನು ದೂರಿ ಪ್ರಯೋಜನವಿಲ್ಲ. ಕಾಪುವಿನಿಂದ ಅವರಲ್ಲಿಗೆ ಹೋಗುವಷ್ಟರಲ್ಲಿ ಇಂಜಿನು ಬಿಸಿಯಾಗಿ ನೆಟ್ಟಗೆ ನಡೆಯುತ್ತಿದ್ದಿತು. ನೆಟ್ಟಗಿರುವ ಯಂತ್ರದಲ್ಲಿ ದೋಷವನ್ನು ಹುಡುಕುವವನು ಊಹೆಯನ್ನಲ್ಲದೆ ಬೇರೇನನ್ನು ಆಶ್ರಯಿಸಬೇಕು?

ಇಲ್ಲಿ ಕೆಲವರು ಕೇಳಬಹುದು: ನಮ್ಮ ಕರಾವಳಿಯಲ್ಲಿ ಚಳಿಯೆಲ್ಲಿಯದು? ಹಿಮ ಬೀಳುವ ದೇಶಗಳ ಕಾಯಿಲೆ ಇಲ್ಲಿಗೇಕೆ ಬಂದೀತು? ನಮಗೆ ಸೆಕೆಯೆನ್ನಿಸುವ ಬೆಳಗೂ ಇಂಜಿನಿಗೆ ಚಳಿಯೇ. ಇಂಜಿನಿಗೆ ಹಿತವಾದ ಶಾಖವೆಂದರೆ ಅದರ ನೀರು ಸುಮಾರು 80ರಿಂದ 95 ಡಿಗ್ರಿಯವರೆಗೆ ಕಾದಿರುವ ಸ್ಥಿತಿ. ಬೆಳಗ್ಗಿನ 25 ಡಿಗ್ರಿಯು ಅದಕ್ಕೆ ಬಹು ದೂರ. ಪೆಟ್ರೋಲು ಉರಿಯಬೇಕಾದರೆ ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತಣ್ಣಗಿನ ಇಂಜಿನಿನಲ್ಲಿ ಚಿಮ್ಮಿದ ಪೆಟ್ರೋಲಿನ ಒಂದು ಪಾಲು ಆವಿಯಾಗದೆ ಒಳಗೋಡೆಗಳಿಗೆ ಅಂಟಿಕೊಳ್ಳುವುದು. ಆದುದರಿಂದ ಆರಂಭದಲ್ಲಿ ಹೆಚ್ಚು ಪೆಟ್ರೋಲನ್ನು ಕೊಡಬೇಕು. ಇಂಜಿನು ಕಾದಂತೆ ಕ್ರಮವಾಗಿ ಕಡಮೆ ಮಾಡುತ್ತ ಬಂದು, ತೂಕದಲ್ಲಿ ಪೆಟ್ರೋಲು ಒಂದಕ್ಕೆ ಗಾಳಿ 14.7 ಎಂಬ ಪ್ರಮಾಣಕ್ಕೆ ನಿಲ್ಲಿಸಬೇಕು.

ಹಿಂದೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮೊದಲಾದ ಕಾರುಗಳಲ್ಲಿ ಈ ಕಾರ್ಯವನ್ನು ಚಾಲಕನೇ ಮಾಡುತ್ತಿದ್ದನು. ಚೋಕ್ ಎಂಬ ಗುಂಡಿಯನ್ನು ಎಳೆದು, ಇಂಜಿನಿನ ಸದ್ದನ್ನು ಆಲಿಸಿ, ಮೆಲ್ಲನೆ ಒಳಗೆ ತಳ್ಳುತ್ತಿದ್ದನು. ಕಿವಿಯೇ ಅವನ ಮಾಪಕ. 1967ನೆಯ ಇಸವಿಯಲ್ಲಿ ಜರ್ಮನಿಯ ಬಾಷ್ ಕಂಪನಿಯವರು ವೋಕ್ಸ್‌ವ್ಯಾಗನ್ ಕಾರಿಗಾಗಿ ವಿದ್ಯುತ್ತಿನ ಲೆಕ್ಕದಿಂದ ಪೆಟ್ರೋಲನ್ನು ಚಿಮ್ಮಿಸುವ ಏರ್ಪಾಡನ್ನು ತಂದರು. ನಮ್ಮ ದೇಶದಲ್ಲಿ 2000ನೆಯ ಇಸವಿಯಿಂದ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದುದರಿಂದ ಸಾಮಾನ್ಯ ಕುಟುಂಬಗಳ ಕಾರುಗಳಲ್ಲಿಯೂ ಕಾರ್ಬುರೇಟರು ಹೋಗಿ ಈ ಏರ್ಪಾಡು ಬಂದಿತು. ಚೋಕಿನ ಗುಂಡಿ ಮಾಯವಾಯಿತು. ಅದರ ಕೆಲಸವನ್ನು ಇ.ಸಿ.ಯು. ಎಂಬ ಒಂದು ಪುಟ್ಟ ಪೆಟ್ಟಿಗೆ ವಹಿಸಿಕೊಂಡಿತು.

ಈ ಪೆಟ್ಟಿಗೆಗೆ ಕಿವಿಯಿಲ್ಲ, ಮೈಯಿಲ್ಲ. ಇಂಜಿನು ತಣ್ಣಗಿದೆಯೋ ಬಿಸಿಯಾಗಿದೆಯೋ ಎಂಬುದನ್ನು ಅದು ಒಬ್ಬ ದೂತನ ಮಾತಿನಿಂದ ತಿಳಿಯಬೇಕು. ಆ ದೂತನೇ ಇಂಜಿನಿನ ನೀರಿನಲ್ಲಿ ತಲೆಯಿಟ್ಟು ಕುಳಿತಿರುವ ಟೆಂಪರೇಚರ್ ಸೆನ್ಸರು. ಕಿರುಬೆರಳಿನಷ್ಟಿರುವ ಈ ಸೆನ್ಸರಿನೊಳಗಣ ವಸ್ತುವು ತಣ್ಣಗಿರುವಾಗ ವಿದ್ಯುತ್ತಿಗೆ ಹೆಚ್ಚು ತಡೆಯನ್ನೊಡ್ಡುವುದು, ಬಿಸಿಯಾದಂತೆ ತಡೆ ಇಳಿಯುವುದು. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ಕಾರಿನಿಂದ ಕಾರಿಗೆ ಈ ಅಂಕೆಗಳು ತುಸು ಬೇರೆಯಾಗುವುದುಂಟು. ದೂತನು ಸುಳ್ಳು ಹೇಳಿದರೆ ಅರಸನ ಅಪ್ಪಣೆಯೂ ತಪ್ಪುವುದು. ತಣ್ಣಗಿರುವ ಇಂಜಿನು ಬಿಸಿಯಾಗಿದೆಯೆಂದರೆ ಪೆಟ್ಟಿಗೆಯು ಪೆಟ್ರೋಲನ್ನು ಕಡಮೆ ಮಾಡಿ ಇಂಜಿನನ್ನು ಉಪವಾಸ ಕೆಡಹುವುದು. ಬಿಸಿಯಾದುದು ತಣ್ಣಗಿದೆಯೆಂದರೆ ಅತಿಯಾಗಿ ಉಣ್ಣಿಸಿ ಅಜೀರ್ಣ ಮಾಡುವುದು.

ಕೊನೆಗೆ ನಮಗೆ ದಾರಿ ತೋರಿದವರು ಉಡುಪಿಯ ಒಬ್ಬ ವೃದ್ಧ ಮೆಕ್ಯಾನಿಕರು. ನಮ್ಮ ಕಥೆಯನ್ನೆಲ್ಲ ಕೇಳಿ ಅವರು ಬಿಡಿಭಾಗಗಳ ಮಾತನ್ನೇ ಎತ್ತಲಿಲ್ಲ. “ನಾಳೆ ಬೆಳಿಗ್ಗೆ ಆರಕ್ಕೆ ನಾನೇ ಕಾಪುವಿಗೆ ಬರುತ್ತೇನೆ. ಅಲ್ಲಿಯವರೆಗೆ ಕೀ ಮುಟ್ಟುವುದು ಬೇಡ ಮಾರಾಯ್ರೇ” ಎಂದರು. ಹೇಳಿದಂತೆಯೇ ಬಂದು, ಬಾನೆಟ್ಟನ್ನು ಎತ್ತಿ, ಸೆನ್ಸರಿನ ಪ್ಲಗ್ಗನ್ನು ಕಳಚಿ, ಕಿಸೆಯಿಂದ ಸಣ್ಣದೊಂದು ಮಲ್ಟಿಮೀಟರನ್ನು ತೆಗೆದು ಅಳೆದರು. ರಾತ್ರಿಯೆಲ್ಲ ನಿಂತಿದ್ದ ಇಂಜಿನಿನಲ್ಲಿ 2,000ದ ಹತ್ತಿರ ಇರಬೇಕಾದ ಅಂಕೆಯು 700 ತೋರಿಸಿತು. ಅಂದರೆ ಆ ತಣ್ಣಗಿನ ಮುಂಜಾವಿನಲ್ಲಿ ದೂತನು 50 ಡಿಗ್ರಿಗೂ ಮೀರಿದ ಶಾಖವಿದೆಯೆಂದು ವರದಿ ಮಾಡುತ್ತಿದ್ದನು.

ಆಶ್ಚರ್ಯವೆಂದರೆ ಸೆನ್ಸರು ಕೆಟ್ಟಿರಲಿಲ್ಲ. ಅದರ ಪ್ಲಗ್ಗಿನೊಳಗೆ ನೀರು ಹೋಗದಂತೆ ತಡೆಯುವ ರಬ್ಬರಿನ ಬಳೆಯು ಎಂದೋ ಬಿದ್ದುಹೋಗಿ, ಕಡಲ ಗಾಳಿಯ ಉಪ್ಪು ಎರಡು ಪಿನ್ನುಗಳ ನಡುವೆ ಬಿಳಿಯ ಹಿಟ್ಟಿನಂತೆ ಕೂತಿದ್ದಿತು. ಅವರು ಅದನ್ನು ಬೆರಳಿನ ತುದಿಯಲ್ಲಿ ತೋರಿಸಿದಾಗ, ಜಗಲಿಯಲ್ಲಿ ನಿಂತಿದ್ದ ಮಾತೃಶ್ರೀಯವರು, “ಆಟಿಯಲ್ಲಿ ಉಪ್ಪಿನ ಮರಿಗೆ ನೀರೊಡೆಯುವುದಿಲ್ಲವೇ, ಹಾಗೆಯೇ ಆಯಿತಲ್ಲ” ಎಂದರು. ವಿಷಯವು ಇದ್ದುದು ಅಷ್ಟೇ. ಗಾಳಿಯ ತೇವವು ಶೇಕಡಾ 75ನ್ನು ಮೀರಿದರೆ ಉಪ್ಪು ನೀರನ್ನು ಹೀರಿ ತಾನೇ ಕರಗಲಾರಂಭಿಸುವುದು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನಮ್ಮ ಕಾರಿಗೂ ತಪ್ಪಲಿಲ್ಲ. ಒದ್ದೆಯಾದ ಉಪ್ಪು ವಿದ್ಯುತ್ತಿಗೆ ಕಳ್ಳದಾರಿಯನ್ನು ಮಾಡಿಕೊಟ್ಟಿತು.

ಹಾಗಾದರೆ ಬಿಸಿಯಾದ ಮೇಲೆ ದೋಷವು ಕಾಣದಿದ್ದುದೇಕೆ? ಗದ್ದೆಯ ಬದುವಿನಲ್ಲಿ ಒಂದು ಏಡಿಯ ಬಿಲವಿದೆಯೆಂದು ತಿಳಿಯಿರಿ. ತೋಡಿನಲ್ಲಿ ನೀರು ಸಣ್ಣಗೆ ಹರಿಯುವಾಗ ಆ ಬಿಲದಿಂದ ಹೋಗುವ ನೀರೇ ಹೆಚ್ಚೆನಿಸುವುದು. ತೋಡು ತುಂಬಿ ಹರಿಯುವಾಗ ಅದು ಲೆಕ್ಕಕ್ಕೇ ಬಾರದು. ತಣ್ಣಗಿರುವಾಗ ಸೆನ್ಸರಿನ ಮೂಲಕ ಹೋಗುವ ವಿದ್ಯುತ್ತು ಅಲ್ಪ. ಕಳ್ಳದಾರಿಯಿಂದ ಹೋಗುವುದೇ ಮಿಗಿಲು. ಬಿಸಿಯಾದಾಗ ಸೆನ್ಸರಿನ ದಾರಿಯೇ ವಿಶಾಲವಾಗುವುದು. ಅದಲ್ಲದೆ ಇಂಜಿನಿನ ಶಾಖಕ್ಕೆ ಉಪ್ಪಿನ ತೇವವೂ ಆರಿಹೋಗುವುದು. ಮಧ್ಯಾಹ್ನ ಅಳೆದವರಿಗೆ ಎಲ್ಲವೂ ಸರಿಯಾಗಿ ಕಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಪಿನ್ನುಗಳನ್ನು ಉಜ್ಜಿ ತೊಳೆದು, ಒಣಗಿಸಿ, ಹೊಸ ರಬ್ಬರು ಬಳೆಯನ್ನು ಹಾಕಿ, ಸಿಲಿಕೋನ್ ಗ್ರೀಸನ್ನು ಸವರಿದುದಕ್ಕೆ ಅವರು ತೆಗೆದುಕೊಂಡುದು 300 ರೂಪಾಯಿ.

ಇದರಿಂದ ಎಲ್ಲ ಹಳೆಯ ಕಾರುಗಳ ರೋಗಕ್ಕೂ ಇದೇ ಕಾರಣವೆಂದು ಯಾರೂ ತಿಳಿಯಬಾರದು. ಮಣಿಪಾಲದಲ್ಲಿರುವ ನಮ್ಮ ಬಂಧುಗಳೊಬ್ಬರ ಕಾರು ಬೆಳಿಗ್ಗೆ ಚಾಲೂ ಆಗುವುದು, ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ನಿಲ್ಲುವುದು. ಅವರ ಮನೆಯಿಂದ ಕಚೇರಿಗೆ ಎರಡು ಕಿಲೋಮೀಟರು ಸಹ ಇಲ್ಲ. ಅಷ್ಟು ಕಿರಿದಾದ ಓಡಾಟದಲ್ಲಿ ಇಂಜಿನು ಎಂದಿಗೂ ಪೂರ್ಣ ಬಿಸಿಯಾಗದೆ, ಗಾಳಿಯ ದ್ವಾರವಾದ ಥ್ರಾಟಲ್ ಬಾಡಿಯಲ್ಲಿಯೂ ಅದರ ಪಕ್ಕದ ಐಡಲ್ ವಾಲ್ವಿನಲ್ಲಿಯೂ ಎಣ್ಣೆಮಸಿ ಕಟ್ಟಿಕೊಂಡಿದ್ದಿತು. ತಣ್ಣಗಿನ ಇಂಜಿನು ನಿಂತಲ್ಲಿ ನಡೆಯಬೇಕಾದರೆ ಈ ವಾಲ್ವು ಹೆಚ್ಚು ಗಾಳಿಯನ್ನು ಬಿಡಬೇಕು. ಮಸಿಯಿಂದ ಅದರ ಬಾಯಿ ಕಟ್ಟಿದರೆ ಇಂಜಿನಿಗೆ ಉಸಿರು ಸಾಲದು. ತೊಳೆದ ಮೇಲೆ ಕಾರು ಸರಿಹೋಯಿತು. ವಾರಕ್ಕೊಮ್ಮೆಯಾದರೂ ಉಡುಪಿಯನ್ನು ದಾಟಿ ದೂರ ಓಡಿಸಬೇಕೆಂದು ಅವರಿಗೆ ಹೇಳಿದ್ದೇವೆ.

ಕಾರ್ಕಳದ ಸ್ನೇಹಿತರೊಬ್ಬರದು ಇನ್ನೊಂದು ಬಗೆ. ಗೊಮ್ಮಟಬೆಟ್ಟದ ಕೆಳಗಣ ಅವರ ಮನೆಯಲ್ಲಿ ಡಿಸೆಂಬರಿನ ಬೆಳಗು ಕಡಲ ತೀರಕ್ಕಿಂತ ಚಳಿಯಾಗಿರುವುದು. ಅವರ ಕಾರು ಅರ್ಧ ಗಂಟೆ ಓಡಿದರೂ ಶಾಖದ ಮುಳ್ಳು ಮೇಲೇಳದು. ಆಗುಂಬೆಯ ಘಾಟಿಯನ್ನು ಇಳಿಯುವಾಗ ಇನ್ನೂ ಕೆಳಗಿಳಿಯುವುದು. ಪೆಟ್ರೋಲು ಮಾತ್ರ ನೀರಿನಂತೆ ಖರ್ಚಾಗುವುದು. ವಿಚಾರಿಸಲಾಗಿ, ಹಿಂದೆ ಯಾರೋ “ನಮ್ಮದು ಸೆಕೆಯ ಊರು, ಇದು ಬೇಡ” ಎಂದು ಥರ್ಮೋಸ್ಟಾಟನ್ನು ಕಿತ್ತುಹಾಕಿದ್ದರೆಂದು ತಿಳಿಯಿತು. ನೀರು ಸುಮಾರು 80 ಡಿಗ್ರಿ ಕಾಯುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ಬಾಗಿಲೇ ಈ ಥರ್ಮೋಸ್ಟಾಟು. ಅದಿಲ್ಲದ ಇಂಜಿನು ಬಾಗಿಲು ತೆರೆದಿಟ್ಟ ಬಚ್ಚಲಮನೆಯ ಹಂಡೆಯಂತೆ ಎಷ್ಟು ಉರಿ ಹಾಕಿದರೂ ಕಾಯದು. ಪೆಟ್ಟಿಗೆಯು ತಣ್ಣಗಿದೆಯೆಂದು ನಂಬಿ ಪೆಟ್ರೋಲನ್ನು ಸುರಿಯುತ್ತಲೇ ಇರುವುದು; ಹೆಚ್ಚಾದ ಪೆಟ್ರೋಲು ಇಂಜಿನಿನ ಎಣ್ಣೆಯಲ್ಲಿ ಬೆರೆತು ಅದನ್ನು ತೆಳ್ಳಗೆ ಮಾಡುವುದು. ಸೆಕೆಯ ಊರಿನ ಕಾರಿಗೂ ಈ ಬಾಗಿಲು ಅವಶ್ಯವೇ. ಇಲ್ಲಿ ದೂತನು ಸತ್ಯವನ್ನೇ ಹೇಳುತ್ತಿದ್ದನೆಂಬುದನ್ನು ಗಮನಿಸಿರಿ; ಅವನನ್ನು ಬದಲಾಯಿಸಿದ್ದರೆ ಹಣ ವ್ಯರ್ಥವಾಗುತ್ತಿದ್ದಿತು.

ಈಚಿನ ಇನ್ನೊಂದು ಸಂಗತಿಯನ್ನೂ ಹೇಳಬೇಕು. 2023ನೆಯ ಫೆಬ್ರವರಿಯಲ್ಲಿ ಆರಂಭವಾಗಿ 2025ರ ವೇಳೆಗೆ ದೇಶದಲ್ಲೆಲ್ಲ ಬಳಕೆಗೆ ಬಂದಿರುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುವುದು. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಇಮ್ಮಡಿಗೂ ಮೀರಿದ ಶಾಖ ಬೇಕು. ಉರಿಯಲು ಬೇಕಾದ ಗಾಳಿಯು ಕಡಮೆ, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಕಾದ ಇಂಜಿನಿನಲ್ಲಿ ಹೊಗೆಕೊಳವೆಯ ಆಕ್ಸಿಜನ್ ಸೆನ್ಸರು ಈ ಕೊರತೆಯನ್ನು ಕಂಡು ಸರಿಪಡಿಸುವುದು. ತಣ್ಣಗಿರುವಾಗ ಆ ಸೆನ್ಸರು ಇನ್ನೂ ಎಚ್ಚತ್ತಿರುವುದಿಲ್ಲ; ಪೆಟ್ಟಿಗೆಯು ತನ್ನ ಹಳೆಯ ಲೆಕ್ಕವನ್ನೇ ಹಿಡಿದು ನಡೆಯುವುದು. ಆದುದರಿಂದ ಮೊದಲು ಹೇಗೋ ಸಹಿಸಿಕೊಂಡು ಹೋಗುತ್ತಿದ್ದ ಸಣ್ಣ ದೋಷಗಳು ಹಳೆಯ ಕಾರುಗಳಲ್ಲಿ ಈಗ ಬೆಳಗಿನ ಹೊತ್ತು ಎದ್ದು ತೋರಬಹುದು. ಎಥನಾಲ್ ತೇವವನ್ನು ಹೀರುವ ಸ್ವಭಾವದ್ದಾದ ಕಾರಣ ಮಳೆಗಾಲದಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದೂ ಒಳ್ಳೆಯದಲ್ಲ.

ಇನ್ನು ಗೃಹಸ್ಥರು ತಾವೇ ಮಾಡಬಹುದಾದ ಪರೀಕ್ಷೆಯ ಕ್ರಮವನ್ನು ಹೇಳುವೆವು. ಮೊದಲನೆಯದಾಗಿ, ಒಂದು ನೋಟುಪುಸ್ತಕದಲ್ಲಿ ವಾರದ ಮಟ್ಟಿಗೆ ಬರೆದಿಡಿರಿ: ಕಾರು ಎಷ್ಟು ಗಂಟೆ ನಿಂತಿದ್ದಿತು, ಮಳೆಯಿದ್ದಿತೋ ಇಲ್ಲವೋ, ಎಷ್ಟು ನಿಮಿಷಗಳಲ್ಲಿ ಸರಿಹೋಯಿತು. ಇಂಜಿನು ತಿರುಗುವುದೇ ನಿಧಾನವಾಗಿದ್ದರೆ ಬ್ಯಾಟರಿಯನ್ನು ನೋಡಬೇಕು. ಉಳಿದ ವಿಚಾರವೆಲ್ಲ ಆಮೇಲೆ. ಎರಡನೆಯದಾಗಿ, ಕೀಲಿಯನ್ನು ತಿರುಗಿಸಿದೊಡನೆ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ಪಂಪಿನ ಗುಂಯ್‌ಗುಡುವಿಕೆ ಕೇಳಬೇಕು. ಹೀಗೆ ಎರಡು ಮೂರು ಸಲ ತಿರುಗಿಸಿ ಆರಿಸಿ ಆಮೇಲೆ ಚಾಲೂ ಮಾಡಿದರೆ ಸುಲಭವಾಗಿ ಏಳುವುದಾದರೆ, ರಾತ್ರಿಯಲ್ಲಿ ಪೆಟ್ರೋಲಿನ ಒತ್ತಡವು ಸೋರಿಹೋಗುತ್ತಿದೆಯೆಂದು ಸಂಶಯಿಸಬಹುದು.

ಮೂರನೆಯದಾಗಿ, ಚಾಲೂ ಆದ ಮೇಲೆ ಲಕ್ಷಣಗಳನ್ನು ನೋಡಿರಿ. ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಹಿಡಿದರೆ ನೆಟ್ಟಗೆ ನಡೆಯುವುದಾದರೆ ಐಡಲ್ ವಾಲ್ವು, ಥ್ರಾಟಲ್ ಬಾಡಿಗಳ ಮಸಿ. ಒತ್ತಿದೊಡನೆ ಬಿಕ್ಕಳಿಸಿದರೆ ಪೆಟ್ರೋಲಿನ ಕೊರತೆ, ಇಲ್ಲವೆ ಬಿರಿದ ರಬ್ಬರು ಕೊಳವೆಯಿಂದ ಕಳ್ಳಗಾಳಿ. ಕಪ್ಪು ಹೊಗೆಯೂ ಪೆಟ್ರೋಲಿನ ವಾಸನೆಯೂ ಇದ್ದರೆ ಅತಿಯಾದ ಇಂಧನ. ನಾಲ್ಕನೆಯದಾಗಿ, ಮಳೆಗಾಲದ ನಸುಕಿನ ಕತ್ತಲೆಯಲ್ಲಿ ಬಾನೆಟ್ಟನ್ನು ಎತ್ತಿ, ಇಂಜಿನು ನಡೆಯುತ್ತಿರುವಾಗ, ಕೈ ಹಚ್ಚದೆ ದೂರದಿಂದ ನೋಡಿರಿ. ಪ್ಲಗ್ಗಿನ ತಂತಿಗಳ ಮೇಲೆ ನೀಲಿಯ ಕಿಡಿಗಳು ಮಿನುಗಿದರೆ ತಂತಿಗಳು ಹಳತಾಗಿವೆ.

ಐದನೆಯದು ದೂತನ ಪರೀಕ್ಷೆ. ಹೆಚ್ಚಿನ ಕಾರುಗಳಲ್ಲಿ ಒಳಬರುವ ಗಾಳಿಯ ಶಾಖವನ್ನು ಅಳೆಯುವ ಇನ್ನೊಂದು ಸೆನ್ಸರೂ ಇರುವುದು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಗಾಳಿಯೂ ನೀರೂ ಒಂದೇ ಶಾಖದಲ್ಲಿರುವುವು. ಎರಡು ಸೆನ್ಸರುಗಳೂ ಹತ್ತಿರ ಹತ್ತಿರ ಒಂದೇ ಅಂಕೆಯನ್ನು ಹೇಳಬೇಕು. ಬೇರೆ ಬೇರೆ ಹೇಳಿದರೆ ಒಬ್ಬನು ಸುಳ್ಳುಗಾರ. 2013ರಿಂದ ಈಚಿನ ಕಾರುಗಳಲ್ಲಿ ಇದನ್ನು ಸ್ಕ್ಯಾನರು ಹಚ್ಚಿ ಓದಬಹುದು. ಅದಕ್ಕೂ ಹಳೆಯ ಅನೇಕ ಕಾರುಗಳಿಗೆ ಮಲ್ಟಿಮೀಟರೇ ಗತಿ. ಇಂಜಿನಿನ ಎಚ್ಚರಿಕೆಯ ದೀಪವು ಹೊತ್ತಿಲ್ಲವೆಂದು ಸಮಾಧಾನ ಪಡಬಾರದು. ತಂತಿಯು ಕಡಿದುಹೋದರೆ ಪೆಟ್ಟಿಗೆಗೆ ತಿಳಿಯುವುದು. ನಂಬಲರ್ಹವಾದ ಸುಳ್ಳನ್ನು ಅದು ನಂಬಿಯೇ ನಂಬುವುದು. ನಮ್ಮ ಕಾರಿನ ದೀಪವು ಒಂದು ದಿನವೂ ಹೊತ್ತಲಿಲ್ಲ.

ಇಷ್ಟನ್ನೂ ಮಾಡುವಾಗ ಕೆಲವು ಎಚ್ಚರಿಕೆಗಳುಂಟು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನನ್ನು ನಡೆಸಲೇಬಾರದು; ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡು ವಾಸನೆಯಿಲ್ಲದ ವಿಷ. ಬಿಸಿಯಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ರೋಗವು ಗುಣವಾಗುವವರೆಗೆ ಮನೆಯ ಅಂಗಳದಲ್ಲಿಯೇ ಐದು ನಿಮಿಷ ನಿಲ್ಲಿಸಿ ನಡೆಸಿ, ಇಂಜಿನು ನೆಲೆಗೊಂಡ ಮೇಲೆಯೇ ಹೆದ್ದಾರಿಯನ್ನು ಸೇರಬೇಕು. ನಾವು ಆ ದಿನ ಈ ತಾಳ್ಮೆಯನ್ನು ತೋರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಇದು: ತಣ್ಣಗಿರುವಾಗಿನ ರೋಗವನ್ನು ತಣ್ಣಗಿರುವಾಗಲೇ ತೋರಿಸಬೇಕು. ಮೆಕ್ಯಾನಿಕರನ್ನು ಬೆಳಿಗ್ಗೆ ಮನೆಗೆ ಕರೆಯಿರಿ. ಅದಾಗದಿದ್ದರೆ ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು, ತಾವು ಬರುವವರೆಗೆ ಚಾಲೂ ಮಾಡಬಾರದೆಂದು ಹೇಳಿಬನ್ನಿರಿ. ಅಳೆಯುವುದಕ್ಕೆ ಮುಂಚೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿರಿ. ನಮ್ಮ 16,000 ರೂಪಾಯಿಗಳು ಹೋದುದು ಅಜ್ಞಾನಕ್ಕಲ್ಲ, ಆತುರಕ್ಕೆ.

ಈಗ ವಾರದಲ್ಲಿ ಮೂರು ದಿನ ಬೆಳಗಿನ ಆರು ಗಂಟೆಗೆ ಕಾರು ಒಂದೇ ಸಲಕ್ಕೆ ಎದ್ದು ನಿಲ್ಲುವುದು. ಮಾತೃಶ್ರೀಯವರು ಹಿಂದಿನ ಸೀಟಿನಲ್ಲಿ ಕುಳಿತು, ಮಣಿಪಾಲದ ಏರನ್ನು ಹತ್ತುವಷ್ಟರಲ್ಲಿ ಒಮ್ಮೊಮ್ಮೆ ನಿದ್ದೆ ಹೋಗುವುದೂ ಉಂಟು. ಕಾರನ್ನು ಮಾರುವ ಮಾತನ್ನು ಅವರು ಮತ್ತೆ ಎತ್ತಿಲ್ಲ.